ಒಂದು ಸಾಲು ಗಿಡ, ಒಂದು ದಿನದ ಗುರಿ
ಖಿನ್ನತೆಯಲ್ಲಿರುವವರಿಗೆ ‘ಹೊಸ ಬದುಕು ಕಟ್ಟಿಕೊಳ್ಳಿ’ ಎನ್ನುವ ಮುನ್ನ ವಯನಾಡಿನತ್ತ ಒಮ್ಮೆ ನೋಡೋಣ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಬಳಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರ್ 2ರಂದು ವೆಳ್ಳಾರ್‌ಮಲ ಶಾಲೆಯ ಮಕ್ಕಳಿಗೆ ಮೇಪ್ಪಾಡಿಯಲ್ಲಿ ಮತ್ತೆ ತರಗತಿ ಶುರುವಾಯಿತು. ಕರ್ನಾಟಕ ಸರ್ಕಾರ ನೂರು ಮನೆಗಳ ನೆರವು ಘೋಷಿಸಿತು. 2025ರ ಮಾರ್ಚ್ 27ರಂದು ಕಲ್ಪೆಟ್ಟದಲ್ಲಿ ಪುನರ್ವಸತಿ ಬಡಾವಣೆಗೆ ಅಡಿಗಲ್ಲು ಬಿತ್ತು.

ಮನೆ ಕಟ್ಟುವವರ ಗುರಿಗೆ ಲೆಕ್ಕವಿದೆ, ದಿನಾಂಕವಿದೆ. ಆ ಮನೆಯಲ್ಲಿ ಬಾಳಬೇಕಾದವರಿಗೆ ನಾವು ಹೇಳುವುದೇನು? ‘ಎಲ್ಲ ಮರೆತುಬಿಡಿ’, ‘ಗಟ್ಟಿ ಮನಸ್ಸು ಮಾಡಿ’. ಬೆಳಗ್ಗೆ ಹಾಸಿಗೆ ಬಿಟ್ಟೇಳಲಾಗದವರಿಗೆ ಇದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ದುಃಖವೆಲ್ಲ ಖಿನ್ನತೆಯಲ್ಲ. ಸತ್ತವರಿಗಾಗಿ ಅಳುವುದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ ಊಟ ಕೆಟ್ಟು, ಕೈಯೇ ಓಡದೆ, ತಾನು ಯಾರಿಗೂ ಬೇಡ ಎನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರುವುದಿಲ್ಲ.

ವಯನಾಡಿಗೆ ಈ ಕತ್ತಲೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ಕಾಫಿ, ಕಾಳುಮೆಣಸಿನ ಬೆಲೆ ಕುಸಿಯಿತು, ಬಳ್ಳಿಗೆ ರೋಗ ಬಿತ್ತು, ಸಾಲ ಏರಿತು, ರೈತರ ಜೀವಗಳು ಹೋದವು. ಕೇಂದ್ರ ಸರ್ಕಾರ 2006ರಲ್ಲಿ ಪರಿಹಾರ ಯೋಜನೆಗೆ ಆರಿಸಿದ 31 ಜಿಲ್ಲೆಗಳಲ್ಲಿ ವಯನಾಡಿನ ಜೊತೆ ಕಾಸರಗೋಡೂ ಇತ್ತು, ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರೂ ಇದ್ದವು. ಗಡಿಯ ಆಚೆಗೂ ಈಚೆಗೂ ಬೆಳೆ ಒಂದೇ, ಸಂಕಟವೂ ಒಂದೇ.

‘ಖುಷಿಯಾಗಿರಬೇಕು’ ಗುರಿಯಲ್ಲ

ಖಿನ್ನತೆಯಲ್ಲಿರುವವರಿಗೆ ಗುರಿಗಳೇ ಇರುವುದಿಲ್ಲವೆಂದು ನಾವು ತಿಳಿಯುತ್ತೇವೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೋಆನ್ ಡಿಕ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತು ಹೇಳುತ್ತದೆ. ಖಿನ್ನತೆ ಇದ್ದವರೂ ಇಲ್ಲದವರೂ ಹೆಚ್ಚುಕಡಿಮೆ ಅಷ್ಟೇ ಗುರಿಗಳನ್ನು ಬರೆದರು. ಆದರೆ ಖಿನ್ನತೆ ಇದ್ದವರ ಗುರಿಗಳು ಮಸುಕಾಗಿದ್ದವು. ‘ಖುಷಿಯಾಗಿರಬೇಕು’ ಎಂಬಂಥವು. ಅದು ಯಾವಾಗ, ಎಲ್ಲಿ, ಹೇಗೆ ಎಂಬುದೇ ಇಲ್ಲ. ಅಂಥ ಗುರಿ ಕೈಗೂಡಿತೋ ಇಲ್ಲವೋ ಎಂದು ತಿಳಿಯುವ ದಾರಿಯೂ ಇಲ್ಲ. ಕೊನೆಗೆ ಉಳಿಯುವುದು ಸೋತೆನೆಂಬ ಭಾವನೆ ಮಾತ್ರ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು, ನನಗೆ ಮುಖ್ಯವಾದದ್ದು ಯಾವುದು? ತೋಟವೇ, ಮಗಳೇ, ಜಮಾಅತ್ತೋ ಬಸದಿಯೋ ಚರ್ಚೋ, ಸ್ವಸಹಾಯ ಗುಂಪೇ? ನೆರೆಯವರು ಮೆಚ್ಚುವ ಗುರಿ ಬೇಡ, ಉತ್ತರ ನಿಮ್ಮದೇ ಆಗಿರಲಿ. ಆಮೇಲೆ ಅದನ್ನು ಈ ವಾರದ ಕೆಲಸವಾಗಿ ಇಳಿಸಬೇಕು. ‘ಒಳ್ಳೆಯ ತಂದೆಯಾಗಬೇಕು’ ಎಂಬುದು ‘ಶನಿವಾರ ಸಂಜೆ ಮಗಳ ಜೊತೆ ಅರ್ಧ ಗಂಟೆ ನಡೆಯುತ್ತೇನೆ’ ಎಂದಾಗಲಿ. ‘ತೋಟ ಮೊದಲಿನಂತಾಗಬೇಕು’ ಎಂಬುದು ‘ನಾಳೆ ತಿಂಡಿಯಾದ ಮೇಲೆ ಒಂದು ಸಾಲು ಕಾಫಿ ಗಿಡದ ಬೇಡದ ಚಿಗುರು ತೆಗೆಯುತ್ತೇನೆ’ ಎಂದಾಗಲಿ. ಒಂದು ಸಾಲು ಆಗಲಿಲ್ಲವೇ? ನಾಳೆಗೆ ಎರಡೇ ಗಿಡ ಸಾಕು. ಗುರಿಯನ್ನು ಕಿರಿದು ಮಾಡಬೇಕು, ತನ್ನನ್ನು ಬೈದುಕೊಳ್ಳಬಾರದು.

ಕೈ ಮುಂದೆ, ಮನಸ್ಸು ಹಿಂದೆ

‘ಮನಸ್ಸು ಬಂದ ಮೇಲೆ ಮಾಡುತ್ತೇನೆ’ ಎಂದು ಕಾಯುವುದು ಸಹಜ. ಖಿನ್ನತೆಯಲ್ಲಿ ಆ ಮನಸ್ಸೇ ಬರುವುದಿಲ್ಲ. ಕೆಲಸ ಬಿಟ್ಟಷ್ಟೂ ಸಿಗುವ ಸಣ್ಣ ತೃಪ್ತಿ ನಿಲ್ಲುತ್ತದೆ, ತೃಪ್ತಿ ನಿಂತಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಮುರಿಯಲು ಮನೋವಿಜ್ಞಾನ ಕಂಡುಕೊಂಡ ದಾರಿ, ಕೆಲಸ ಮೊದಲು, ಉತ್ಸಾಹ ಆಮೇಲೆ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಇದನ್ನು ಪರೀಕ್ಷಿಸಿದರು. ತೀವ್ರ ಖಿನ್ನತೆಯಿದ್ದ 495 ಮಂದಿಯಲ್ಲಿ ಅರ್ಧದಷ್ಟು ಜನರೊಂದಿಗೆ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಆರರಿಂದ ಎಂಟು ಬಾರಿ ಕೂತು ಇಂಥ ಸಣ್ಣ ಕೆಲಸಗಳನ್ನು ಗೊತ್ತುಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಜನ.

ಈ ಕೆಲಸ ಮಾಡಿದವರು ಮನೋವೈದ್ಯರಲ್ಲ ಎಂಬುದು ನಮ್ಮ ಹಳ್ಳಿಗಳಿಗೆ ದೊಡ್ಡ ಭರವಸೆ. ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪುಗಳೂ ಆಶಾ ಕಾರ್ಯಕರ್ತೆಯರೂ ಇರುವ ವಯನಾಡಿನಲ್ಲಿ, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಯಂಥ ಗಡಿ ತಾಲ್ಲೂಕುಗಳಲ್ಲಿ ಇದನ್ನು ಕಲಿಸಲು ತಡಮಾಡಬಾರದು.

ಮನೆಯವರಿಗೂ ಪಾಲಿದೆ. ‘ಏಳು, ಏನಾದರೂ ಮಾಡು’ ಎನ್ನುವ ಬದಲು ‘ಬಾ, ಅಂಗಡಿ ತನಕ ಹೋಗಿಬರೋಣ’ ಎನ್ನಿ. ಇಂದು ಸ್ನಾನ ಮಾಡಿದ್ದನ್ನೂ ಕೆಲಸವೆಂದೇ ಎಣಿಸಿ, ಅದನ್ನು ಬಾಯಿಬಿಟ್ಟು ಹೇಳಿ.

ಗುರಿ ಮದ್ದಿನ ಬದಲಿಯಲ್ಲ. ವೈದ್ಯರು ಮಾತ್ರೆ ಕೊಟ್ಟಿದ್ದರೆ ತಾವಾಗಿ ನಿಲ್ಲಿಸಬಾರದು. ಬದುಕೇ ಬೇಡವೆನಿಸಿದರೆ ಆ ಕ್ಷಣದ ಗುರಿ ಒಂದೇ, ಒಬ್ಬರಿಗೆ ಹೇಳುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡ ಮಲಯಾಳಂ ಎರಡರಲ್ಲೂ ಮಾತಾಡಬಹುದು. ಕೇರಳದಲ್ಲಿ ದಿಶಾ 1056 ಕೂಡ ಇದೆ. ಕರೆ ಮಾಡುವುದು ಅವಮಾನವಲ್ಲ. ಖಿನ್ನತೆಯ ನಡುವೆ ಹಲವರು ಸಾಧಿಸುವ ಅತ್ಯಂತ ಕಷ್ಟದ ಗುರಿ ಅದೇ, ಅದನ್ನು ಸಾಧಿಸಿದವರಿಗೆ ನಮ್ಮೆಲ್ಲರ ಗೌರವ ಸಲ್ಲಬೇಕು.