ಮೂಕಿ ಚಿತ್ರದಲ್ಲಿ ಸದ್ದಡಗಿಸಲು ಹೊರಟವನು

ಮಾತೇ ಇಲ್ಲದ ಸಿನಿಮಾದಲ್ಲಿ ಒಬ್ಬ ‘ಶ್... ಸದ್ದು ಮಾಡಬೇಡಿ’ ಅಂತ ಅಂಗಲಾಚಿದರೆ ನಮಗೆ ಕೇಳಿಸುತ್ತಾ? ಕೇಳಿಸುತ್ತೆ. ಅನುಮಾನ ಇದ್ದರೆ 1928ರ ‘ದಿ ಕ್ರೌಡ್’ ನೋಡಿ.

ಕಿಂಗ್ ವಿಡಾರ್ ನಿರ್ದೇಶನದ ಈ ಹಾಲಿವುಡ್ ಚಿತ್ರದ ನಾಯಕ ಜಾನ್ ಸಿಮ್ಸ್. ದೊಡ್ಡ ಮನುಷ್ಯ ಆಗ್ತೀನಿ ಅಂತ ನ್ಯೂಯಾರ್ಕಿಗೆ ಬಂದವನು. ಆಗಿದ್ದು ಇನ್ಶೂರೆನ್ಸ್ ಕಂಪನಿಯ ಗುಮಾಸ್ತ. ಕ್ಯಾಮೆರಾ ಎತ್ತರದ ಕಟ್ಟಡ ಏರಿ ಕಿಟಕಿಯೊಳಗೆ ಇಳಿದರೆ ಸಾಲು ಸಾಲು ಮೇಜುಗಳು. ಅದರಲ್ಲಿ 137ನೇ ನಂಬರಿನದು ಇವನದು. ಎಂಪ್ಲಾಯಿ ಐಡಿ ಕೊರಳಿಗೆ ಹಾಕಿಕೊಂಡು ಓಡಾಡುವ ನನಗೆ ಆ ದೃಶ್ಯ 90 ವರ್ಷಕ್ಕೂ ಹಳೆಯದು ಅನ್ನಿಸಲೇ ಇಲ್ಲ.

ಜಾನ್ ಆಗಿ ನಟಿಸಿದ್ದು ಜೇಮ್ಸ್ ಮರ್ರೆ. ಅದುವರೆಗೆ ಹೆಸರಿಲ್ಲದ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಎಕ್ಸ್‌ಟ್ರಾ ನಟ. ಹೆಂಡತಿ ಮೇರಿ ಪಾತ್ರಕ್ಕೆ ಎಲಿನಾರ್ ಬೋರ್ಡ್‌ಮನ್. ನಿಜ ಜೀವನದಲ್ಲಿ ಆಗ ವಿಡಾರ್ ಪತ್ನಿ.

ಮೂಕಿ ಚಿತ್ರ ಅಂದರೆ ಕಣ್ಣರಳಿಸಿ ಎದೆ ಬಡಿದುಕೊಳ್ಳೋದು ಅಂದುಕೊಂಡವರು ಇವರಿಬ್ಬರ ಬೆಳಗಿನ ಜಗಳ ನೋಡಬೇಕು. ಬೀರು ಬಾಗಿಲು ಮುಚ್ಚೋದಿಲ್ಲ, ಬಾಟಲಿಯ ಹಾಲು ಚಿಮ್ಮುತ್ತೆ, ಗಂಡನ ಸಿಟ್ಟೆಲ್ಲ ಅವಳ ಮೇಲೆ. ಬೋರ್ಡ್‌ಮನ್ ಮುಖದಲ್ಲಿ ಅಳುವಿಗಿಂತ ದಣಿವೇ ಹೆಚ್ಚು. ಅವನು ಹೊರಟ ಮೇಲೆ, ತಾನು ಬಸುರಿ ಎಂಬ ಸುದ್ದಿಯನ್ನೇ ಹೇಳಲಿಲ್ಲವಲ್ಲ ಅಂತ ಕಿಟಕಿಗೆ ಬಂದು ಕರೀತಾಳೆ. ನಮ್ಮ ಪಕ್ಕದ ಮನೆಯ ಜಗಳದಷ್ಟೇ ಸಹಜ.

ಮುಂದೆ ಅವರ ಪುಟ್ಟ ಮಗಳಿಗೆ ಲಾರಿ ಬಡಿಯುತ್ತೆ. ಮಗು ಸಾವು ಬದುಕಿನ ನಡುವೆ ಮಲಗಿದೆ, ಹೊರಗೆ ಬೀದಿಯ ಗದ್ದಲ. ಜಾನ್ ಬೀದಿಗಿಳಿದು ಕೈ ಚಾಚಿ, ಎದುರು ಬರುವ ಜನಸಾಗರವನ್ನೇ ಸುಮ್ಮನಿರಿಸಲು ಹೊರಡುತ್ತಾನೆ. ಯಾರೂ ನಿಲ್ಲೋದಿಲ್ಲ. ನಿನ್ನ ಮಗುವಿಗೆ ಹುಷಾರಿಲ್ಲ ಅಂತ ಲೋಕ ನಿಲ್ಲುತ್ತಾ ಅಂತ ಪೊಲೀಸಿನವ ಗದರಿ ಕಳಿಸುತ್ತಾನೆ. ಮರ್ರೆ ಇಲ್ಲಿ ಒಂದು ಹನಿ ಕಣ್ಣೀರಿಗೂ ನಮ್ಮನ್ನು ಬೇಡೋದಿಲ್ಲ. ಒಬ್ಬ ಸಾಮಾನ್ಯ ಅಪ್ಪನಿಗೆ ಆ ಗಳಿಗೆಯಲ್ಲಿ ತೋಚುವ ಒಂದೇ ಕೆಲಸ ಮಾಡ್ತಾನೆ, ಅಷ್ಟೇ.

ಮೊದಲ ಆಸ್ಕರ್‌ನಲ್ಲಿ ಚಿತ್ರಕ್ಕೂ ನಿರ್ದೇಶಕನಿಗೂ ನಾಮನಿರ್ದೇಶನ ಸಿಕ್ಕಿತು. ಈ ಇಬ್ಬರು ನಟರಿಗೆ ಸಿಗಲಿಲ್ಲ. ನಟನೆ ಅಂತಲೇ ಗೊತ್ತಾಗದ ನಟನೆಗೆ ಆಗಾಗ ಹೀಗಾಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಮರ್ರೆ ಕಥೆ ಇನ್ನೂ ಕಷ್ಟದ್ದು. ಕುಡಿತ ಅವನ ವೃತ್ತಿಯನ್ನು ನುಂಗಿತು. ವಿಡಾರ್ ಮತ್ತೆ ಪಾತ್ರ ಕೊಡಲು ಬಂದರೂ ಒಪ್ಪಲಿಲ್ಲ. 1936ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಮುಳುಗಿ ಸತ್ತಾಗ ವಯಸ್ಸು ಬರೀ 35.

ಚಿತ್ರದ ಕೊನೆಯಲ್ಲಿ ಗಂಡ ಹೆಂಡತಿ ಥಿಯೇಟರಿನಲ್ಲಿ ಕೂತು ಬಿದ್ದುಬಿದ್ದು ನಗ್ತಾರೆ. ಕ್ಯಾಮೆರಾ ಹಿಂದೆ ಸರಿದಂತೆ ಇಬ್ಬರೂ ನೂರಾರು ಮುಖಗಳ ನಡುವೆ ಕರಗಿಹೋಗ್ತಾರೆ. ಗುಂಪಿನಿಂದ ಬಂದ ನಟ ಗುಂಪಿಗೇ ಮರಳಿದ. ಆದರೆ ಒಮ್ಮೆ ನೋಡಿದವರಿಗೆ ಆ ಗುಂಪಿನಲ್ಲಿ ಅವನ ಮುಖ ಯಾವುದು ಅಂತ ಗೊತ್ತು.