ಪಾಠಶಾಲೆಗೆ ಬಂದ ಕಲಾವಿದ

ಕೃಷ್ಣೆಯು ತೆಲಂಗಾಣದ ನೆಲವನ್ನು ಪ್ರವೇಶಿಸುವ ಸೀಮೆಯಲ್ಲಿ, ರಾಯಚೂರು ಯಾದಗಿರಿಗಳ ನೆರೆಯಲ್ಲಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬಹುಕಾಲದಿಂದ ಜನರ ನಾಲಗೆಯ ಮೇಲಿವೆ. ಗಡಿಯ ಕೆಲವು ಗ್ರಾಮಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಮಗ್ಗದ ಕೀರ್ತಿಯಿಂದ ದೇಶಕ್ಕೆಲ್ಲ ಪರಿಚಿತವಾಗಿರುವ ಈ ನಾಡಿನಲ್ಲಿ ನಿಂತು, ಕಲಾವಿದನನ್ನು ಪಾಠಶಾಲೆಗೆ ಕರೆತಂದು ಗಣಿತ, ವಿಜ್ಞಾನ, ಚರಿತ್ರೆಗಳ ಬೋಧನೆಯಲ್ಲಿ ಆತನನ್ನು ಸಹಭಾಗಿಯನ್ನಾಗಿ ಮಾಡುವ ವಿಚಾರವು ನಮ್ಮಲ್ಲಿ ಹೇಗೆ ಮೂಡಿ ಬೆಳೆಯಿತೆಂಬುದನ್ನು ಪರಾಮರ್ಶಿಸುವುದು ಉಚಿತವಾಗಿದೆ.

ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ವಿದ್ಯಾಲಯವನ್ನು ತೆರೆದಾಗ, ಗೀತ, ನೃತ್ಯ, ಚಿತ್ರಗಳು ವಿದ್ಯೆಯ ಅಲಂಕಾರಗಳಲ್ಲ, ಅಂಗಗಳೇ ಆಗಿವೆಯೆಂಬ ನಂಬುಗೆಯನ್ನು ಅದರ ತಳಹದಿಯಲ್ಲಿಟ್ಟರು. 1919ರಲ್ಲಿ ಅಲ್ಲಿ ಆರಂಭವಾದ ಕಲಾಭವನವು ನಂದಲಾಲ್ ಬೋಸರಂಥ ಶ್ರೇಷ್ಠ ಚಿತ್ರಕಾರರನ್ನು ವಿದ್ಯಾರ್ಥಿಗಳ ನಿತ್ಯದ ನೆರೆಹೊರೆಯವರನ್ನಾಗಿ ಮಾಡಿತು. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ಮತ್ತೂ ಒಂದು ಹೆಜ್ಜೆ ಮುಂದಿಟ್ಟು, ನೂಲುವುದೋ ನೇಯುವುದೋ ಯಾವುದಾದರೊಂದು ಕಸುಬನ್ನು ನಡುವೆ ನಿಲ್ಲಿಸಿ ಉಳಿದೆಲ್ಲ ಪಾಠಗಳೂ ಅದರಿಂದಲೇ ಹೊರಡಬೇಕೆಂದರು. 'ನಯೀ ತಾಲೀಮ್' ಎಂದು ಹೆಸರಾದ ಆ ಶಿಕ್ಷಣಪದ್ಧತಿಗೆ ಪಠ್ಯಕ್ರಮವನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾದ ಜಾಕಿರ್ ಹುಸೇನರು ಹೈದರಾಬಾದಿನಲ್ಲಿ ಹುಟ್ಟಿದವರೆಂಬುದನ್ನು ಈ ಸೀಮೆಯವರು ಅಭಿಮಾನದಿಂದ ನೆನೆಯಬಹುದು.

ಕನ್ನಡಿಗರೂ ಈ ಸಾಧನೆಯಲ್ಲಿ ಹಿಂದುಳಿದವರಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು. ಬಾಲ್ಯದಲ್ಲಿಯೇ ಗುಬ್ಬಿ ನಾಟಕ ಕಂಪನಿಯನ್ನು ಸೇರಿ ಬೆಳೆದ ಬಿ. ವಿ. ಕಾರಂತರು 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಶಿಕ್ಷಕರಾಗಿದ್ದರು. ಅದೇ 1969ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ದತ್ತಿಯೂ ಕಲಾವಿದರನ್ನು ಶಾಲೆಗಳಿಗೆ ಕಳುಹಿಸುವ ಯೋಜನೆಯನ್ನು ಆರಂಭಿಸಿತ್ತು. ನಮ್ಮ ಕಾಲದಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು 'ಕಲಿ-ಕಲಿಸು' ಎಂಬ ಹೆಸರಿನಲ್ಲಿ ಕರ್ನಾಟಕದ ಸರಕಾರಿ ಶಾಲೆಗಳ ಉಪಾಧ್ಯಾಯರಿಗೂ ಕಲಾವಿದರಿಗೂ ನೆರವಿತ್ತು, ಊರಿನ ಕಲೆಯನ್ನು ತರಗತಿಯ ಪಾಠದೊಡನೆ ಬೆಸೆಯುವ ಕಾರ್ಯವನ್ನು ನಡೆಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಕಲೆಯನ್ನು ಎಲ್ಲ ವಿಷಯಗಳೊಡನೆ ಸಮನ್ವಯಗೊಳಿಸಬೇಕೆಂದೂ, ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಶಾಲೆಗೆ ಬೋಧಕರನ್ನಾಗಿ ಬರಮಾಡಿಕೊಳ್ಳಬೇಕೆಂದೂ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಗದ್ವಾಲದ ಶಾಲೆಗೆ ಯಾರು ಬರಬೇಕು? ದೂರದ ನಗರದಿಂದ ಯಾರನ್ನೂ ಕರೆಯಬೇಕಾದುದಿಲ್ಲ. ಆತನು ಪಕ್ಕದ ಬೀದಿಯಲ್ಲಿ ಮಗ್ಗದ ಮುಂದೆ ಕುಳಿತಿದ್ದಾನೆ. ಗದ್ವಾಲ ಸೀರೆಯ ಮೈ ಹತ್ತಿಯದು, ಅಂಚು ಸೆರಗುಗಳು ರೇಷ್ಮೆಯವು. ಎರಡು ಅಂಚುಗಳಿಗೆ ಎರಡು ಲಾಳಿ, ನಡುವಿನ ಮೈಗೆ ಒಂದು ಲಾಳಿ. ಮೈಯ ಹೊಕ್ಕು ಅಂಚಿನ ಹೊಕ್ಕಿನೊಡನೆ ಸಾಲುಸಾಲಿಗೂ ಕೊಂಡಿಯಂತೆ ಸಿಕ್ಕಿಕೊಂಡು ಮುಂದುವರಿಯುವುದರಿಂದ, ಭಿನ್ನ ಗುಣದ ಎರಡು ಬಟ್ಟೆಗಳು ಹೊಲಿಗೆಯಿಲ್ಲದೆ ಒಂದಾಗುತ್ತವೆ. ಅಂಚಿನ ಕುಂಭವು ಮೆಟ್ಟಿಲುಮೆಟ್ಟಿಲಾಗಿ ಏರುವ ತ್ರಿಕೋಣ. ಮೊದಲ ಮೆಟ್ಟಿಲಿಗೆ ಎರಡು ಎಳೆ, ಅನಂತರ ನಾಲ್ಕು, ಆರು ಎಂದು ಹತ್ತು ಮೆಟ್ಟಿಲುಗಳವರೆಗೆ ಹೆಚ್ಚಿಸಿದರೆ ಒಟ್ಟು ಎಷ್ಟಾದೀತೆಂದು ನೇಕಾರನು ಕೇಳಲಿ. ಮಕ್ಕಳು ಮೊದಲು ಎಣಿಸಿ 110 ಎನ್ನಲಿ. ಬಳಿಕ ಗಣಿತದ ಉಪಾಧ್ಯಾಯರು ಕರಿಹಲಗೆಯ ಮೇಲೆ ಸಮಾಂತರ ಶ್ರೇಢಿಯ ಸೂತ್ರವನ್ನು ಬರೆಯಲಿ. ಕಣ್ಣಿನಿಂದ ಕಂಡು ಕೈಯಿಂದ ಮುಟ್ಟಿದ ಸೂತ್ರವನ್ನು ಮಗುವು ಸುಲಭವಾಗಿ ಮರೆಯದು. ನಾರಾಯಣಪೇಟೆಯ ಚೌಕಳಿಯಿಂದ ಕ್ಷೇತ್ರಫಲವನ್ನೂ, ಬಣ್ಣದ ಬಾನಿಯಿಂದ ರಸಾಯನಶಾಸ್ತ್ರವನ್ನೂ ಹೀಗೆಯೇ ಕಲಿಸಬಹುದು. ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ತಾಲೂಕು 1956ರಲ್ಲಿ ಮಹಬೂಬ್‌ನಗರಕ್ಕೆ ಸೇರಿದ ಚರಿತ್ರೆಯನ್ನು ಕೂಡ, ಗಡಿ ಸರಿದಾಗ ನೂಲಿಗೂ ಸೀರೆಗೂ ಬೇಕಾದ ಸಂತೆಯ ದಾರಿಗಳು ಏನಾದುವೆಂದು ಮನೆಯ ಹಿರಿಯರನ್ನು ಕೇಳುವ ಮೂಲಕ ಆರಂಭಿಸಬಹುದು.

ಆದರೆ ಒಂದು ಎಚ್ಚರಿಕೆ ಅವಶ್ಯವಾಗಿದೆ. ವಾರ್ಷಿಕೋತ್ಸವದಂದು ಕಲಾವಿದನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಅಂದೇ ಬೀಳ್ಕೊಡುವುದರಿಂದ ವಿದ್ಯೆಗೆ ಪ್ರಯೋಜನವಿಲ್ಲ. ಉಪಾಧ್ಯಾಯನೂ ಕಲಾವಿದನೂ ಮೊದಲೇ ಕೂಡಿ ಕುಳಿತು ಯಾವ ಪಾಠಕ್ಕೆ ಯಾವ ಕೆಲಸವೆಂದು ನಿಶ್ಚಯಿಸಬೇಕು. ಕೆಲವು ವಾರಗಳಾದರೂ ಆ ಕೆಲಸ ನಡೆಯಬೇಕು. ಮಗ್ಗವನ್ನು ಬಿಟ್ಟುಬಂದ ದಿನದ ಕೂಲಿಗೆ ಕಡಿಮೆಯಾಗದ ಗೌರವಧನವೂ ನೇಕಾರನಿಗೆ ಸಲ್ಲಬೇಕು. ಈ ಮೂರು ಊರುಗಳ ಶಾಲಾ ಸಮಿತಿಗಳೂ ಮುಖ್ಯೋಪಾಧ್ಯಾಯರೂ ಬರುವ ವರ್ಷದ ಪಾಠಯೋಜನೆಯನ್ನು ಬರೆಯುವಾಗ, ತಮ್ಮ ಊರಿನ ಒಬ್ಬ ನೇಕಾರನ ಹೆಸರನ್ನು ಗಣಿತದ ಪಾಠದ ಮುಂದೆ ಬರೆದುಕೊಳ್ಳಲಿ ಎಂಬುದೇ ನಮ್ಮ ವಿನಂತಿ.