ವೇಷದ ಬೆನ್ನಿಗೆ ನಿಂತ ದನಿ

ಇಡಗುಂಜಿ ಯಕ್ಷಗಾನ ಮೇಳ ಎಂದರೆ ಹೊನ್ನಾವರ, ಕುಮಟಾ ಕಡೆಯವರ ಬಾಯಲ್ಲಿ ಮೊದಲು ಬರುವುದು ಕೆರೆಮನೆಯವರ ಹೆಸರು. ಶಂಭು ಹೆಗಡೆಯವರ ಹರಿಶ್ಚಂದ್ರ, ಮಹಾಬಲ ಹೆಗಡೆಯವರ ಕೌರವ ಎಂದು ಮಾತು ಬೆಳೆಯುತ್ತದೆ. ಆ ವೇಷಗಳ ಹಿಂದೆ ತಾಳ ಹಿಡಿದು ಹಾಡುತ್ತ ಕುಳಿತಿದ್ದ ನೆಬ್ಬೂರು ನಾರಾಯಣ ಭಾಗವತರ ಸರದಿ ಬರುವುದು ಆಮೇಲೆ.

ಈ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ್ದು 1934ರಲ್ಲಿ, ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ. ಘಟ್ಟದ ಮೇಲಿನ ಶಿರಸಿ ಸೀಮೆಯಿಂದ ಇಳಿದು ಬಂದ ನೆಬ್ಬೂರರು ಶಿವರಾಮ ಹೆಗಡೆ, ಮಗ ಶಂಭು, ಮೊಮ್ಮಗ ಶಿವಾನಂದ ಹೀಗೆ ಮೂರು ತಲೆಮಾರನ್ನು ಕುಣಿಸಿದರು.

ಉತ್ತರ ಕನ್ನಡದ ಬಡಗುತಿಟ್ಟು ಯಕ್ಷಗಾನದಲ್ಲಿ ಅಭಿನಯಕ್ಕೇ ಹೆಚ್ಚು ಜಾಗ. ಪದ್ಯದ ಒಂದೇ ಸಾಲಿಗೆ ವೇಷಧಾರಿ ಸಿಟ್ಟು, ಸಂಕಟ, ನಾಚಿಕೆ ಎಲ್ಲವನ್ನೂ ತೋರಿಸಿಯಾನು. ಅಷ್ಟು ಹೊತ್ತೂ ಭಾಗವತರು ಅದೇ ಸಾಲನ್ನು ಎತ್ತಿ ಎತ್ತಿ ಹಾಡಬೇಕು. ತಾಳ ಅದೇ, ಭಾವ ಮಾತ್ರ ಬೇರೆ ಬೇರೆ. ಎಲ್ಲಿ ಎಳೆಯಬೇಕು, ಎಲ್ಲಿ ಮದ್ದಳೆಗೆ ಬಿಟ್ಟು ಸುಮ್ಮನಿರಬೇಕು, ಯಾವಾಗ ಪದ್ಯ ಮುಗಿಸಿ ವೇಷಧಾರಿಯ ಅರ್ಥದ ಮಾತಿಗೆ ದಾರಿ ಬಿಡಬೇಕು? ವೇಷಧಾರಿಯ ಮುಖ ಪ್ರೇಕ್ಷಕರತ್ತ ಇರುವುದರಿಂದ ಇದನ್ನೆಲ್ಲ ಅವನ ಬೆನ್ನು, ಭುಜ, ಹೆಜ್ಜೆ ನೋಡಿಯೇ ಅರಿಯಬೇಕು. ನೆಬ್ಬೂರರ ಬಲ ಇದ್ದದ್ದು ಇಲ್ಲೇ. ಸಾಹಿತ್ಯ ಸ್ಪಷ್ಟ, ಆಲಾಪ ಹಿತಮಿತ. ವೇಷವನ್ನು ಮೀರಿ ಮೆರೆಯುವ ಹಟವಿಲ್ಲ. ಕೆರೆಮನೆಯ ಅಭಿನಯ ಅಷ್ಟು ಸಾವಧಾನವಾಗಿ ಅರಳಿದ್ದರಲ್ಲಿ ಈ ಸಂಯಮದ ಪಾಲು ದೊಡ್ಡದು.

ಅಷ್ಟರಲ್ಲಿ ಕ್ಯಾಸೆಟ್ ಕಾಲ ಬಂತು. ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಂಠಕ್ಕೆ ಕರಾವಳಿಯೇ ಮರುಳಾಯಿತು. ಪದ್ಯ ಕೇಳಲೆಂದೇ ಆಟಕ್ಕೆ ಹೋಗುವವರು ಹುಟ್ಟಿಕೊಂಡರು. 1990ರಲ್ಲಿ ನಾವಡರು ತೀರಿಕೊಂಡ ಮೇಲೂ ಆ ಗಾಳಿ ನಿಲ್ಲಲಿಲ್ಲ. ನೆಬ್ಬೂರರ ಹಾಡನ್ನಾದರೋ ವೇಷದಿಂದ ಬಿಡಿಸಿ ಕೇಳಿದರೆ ಸಿಗುವುದು ಅರ್ಧವೇ. ಬರಿಯ ಧ್ವನಿಮುದ್ರಿಕೆಯಲ್ಲಿ ಅವರು ಗೆಲ್ಲುವಂತಿರಲಿಲ್ಲ. ಹೀಗಾಗಿ ಬಲ್ಲವರ ಮನ್ನಣೆ ಸಿಕ್ಕಿತು, ಊರೂರಿನ ಜೈಕಾರ ಸಿಗಲಿಲ್ಲ.

2009ರಲ್ಲಿ ಶಂಭು ಹೆಗಡೆ ಹೋದರು, ಆಮೇಲೆ ನೆಬ್ಬೂರರೂ. ಗುಣವಂತೆಯಲ್ಲಿ 1986ರಲ್ಲಿ ಶುರುವಾದ ಶ್ರೀಮಯ ಕಲಾಕೇಂದ್ರದ ಮೂಲಕ ಕೆರೆಮನೆಯ ಪಾಠ ಹೊಸಬರಿಗೆ ದಾಟಿದೆ. ಆದರೆ ನೆಬ್ಬೂರರ ಹಾಡುಗಾರಿಕೆ ತಿಳಿಯಬೇಕಾದರೆ ವೇಷವೂ ಕಣ್ಣೆದುರಿಗಿರಬೇಕು. ಹಳೆಯ ಆಟಗಳ ವಿಡಿಯೊ ಕ್ಯಾಸೆಟ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಮುಂದಿನ ಮಳೆಗಾಲಕ್ಕೆ ಬೂಸ್ಟು ಹಿಡಿಯುವ ಮೊದಲು ಡಿಜಿಟಲ್ ಪ್ರತಿ ಮಾಡಿಸಿ, ಕಲಿಯುವ ಮಕ್ಕಳ ಕೈಗೆ ಕೊಡಿ.